ಚಳಿಗೆ ಏಳದ ಲ್ಯಾಪ್‌ಟಾಪು

ಮಾಗಿಯ ದಿನಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ತಡವಾಗಿ ಏಳುವುದು ಕೊಬ್ಬರಿ ಎಣ್ಣೆ. ನಾನು ಎದ್ದು, ಮುಖ ತೊಳೆದು, ಕಾಫಿ ಕುಡಿದು, ಆ ದಿನದ ಧಾರಣೆಯ ಬಗ್ಗೆ ಫೋನಿನಲ್ಲಿ ಇಬ್ಬರೊಂದಿಗೆ ತಕರಾರು ತೆಗೆದು ಮುಗಿಸಿದರೂ ಅದು ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿ ಮಲಗಿರುತ್ತದೆ. ಜಗಲಿಯ ಮೇಲೆ ಬಿಸಿಲಿಗಿಟ್ಟು ಅರ್ಧ ಗಂಟೆ ಕಾಯಬೇಕು. ಆ ಹೊತ್ತಿನಲ್ಲಿ ನೀವೇನಾದರೂ ಹೊನ್ನವಳ್ಳಿಯ ನಮ್ಮ ಬೀದಿಯಲ್ಲಿ ನಡೆದು ಬಂದರೆ, ಮನೆಮನೆಯ ಕಟ್ಟೆಯ ಮೇಲೂ ಇಂಥದೊಂದು ಬಾಟಲಿ ಸೂರ್ಯನಿಗೆ ಮುಖ ಮಾಡಿ ಧ್ಯಾನಸ್ಥವಾಗಿರುವುದನ್ನು ಕಾಣಬಹುದು. ಹುಟ್ಟಿದಂದಿನಿಂದ ನೋಡಿದ ಈ ದೃಶ್ಯದ ಅರ್ಥ ನನಗೆ ಹೊಳೆದದ್ದು ಮಾತ್ರ ಐವತ್ತು ದಾಟಿದ ಮೇಲೆ, ಅದೂ ಒಂದು ಲ್ಯಾಪ್‌ಟಾಪಿನ ದೆಸೆಯಿಂದ.

ನನ್ನ ಪರಿಚಯ ಹೇಳಿಕೊಳ್ಳದಿದ್ದರೆ ನಿಮಗೆ ನನ್ನ ಮೂರ್ಖತನದ ಗಾತ್ರ ಅಂದಾಜಾಗದು. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊಲಿಯಲು ಸೇರಿದವನು, ಇಂದು ಅದೇ ಊರಲ್ಲಿ ಸ್ವಂತ ಮಂಡಿ ಇಟ್ಟಿದ್ದೇನೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಗಿಟುಕು, ಅಂದರೆ ಇಡಿಯ ಕೊಬ್ಬರಿ, ಕರಟದಿಂದ ಬಿಟ್ಟಿದೆಯೋ ಇಲ್ಲವೋ ಹೇಳಬಲ್ಲೆ. ಚೌಕಾಸಿ ನನ್ನ ವೃತ್ತಿ, ಸಲಹೆ ನನ್ನ ವ್ಯಸನ. ಕೇಳದವರಿಗೂ ಕೊಡುತ್ತೇನೆ.

ಹೊನ್ನವಳ್ಳಿಯ ಶಾಲೆಯಲ್ಲಿ ಪಾಠ ಹೇಳುವ ನನ್ನ ಹೆಂಡತಿ ಪಾರ್ವತಿಗೆ ಒಂದು ಲ್ಯಾಪ್‌ಟಾಪು ಬೇಕಾಯಿತು. ಹೊಸದು ಕೊಳ್ಳುವುದು ನನ್ನ ಧರ್ಮಕ್ಕೆ ವಿರುದ್ಧವಾದ್ದರಿಂದ ಬೆಂಗಳೂರಿನ ಅಂಗಡಿಯೊಂದರಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಆರಿಸಿದೆ. ಆರಿಸುವಾಗ, ಏನು ಮಾಡಲಿ, ಕೈಗೆ ರೂಢಿ, ಅದನ್ನೆತ್ತಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿಬಿಟ್ಟೆ. ಅಂಗಡಿಯವನು ಗಾಬರಿಯಿಂದ ಎರಡೂ ಕೈ ಚಾಚಿದ. ನನಗೆ ಒಳಗೆ ಸದ್ದು ಬರಲಿಲ್ಲವೆಂಬ ಅಸಮಾಧಾನ, ಅವನಿಗೆ ಸದ್ದು ಬಂದೀತೆಂಬ ಭಯ. ಆ ಭಯದಲ್ಲೇ ದರ ಇಳಿಯಿತೆಂದು ನಾನು ಈಗಲೂ ನಂಬಿದ್ದೇನೆ.

ಪಾರ್ವತಿಗೆ ಅದು ಬೇಕಾಗಿದ್ದದ್ದು ಹಾಡುಗಳಿಗಾಗಿ. ಹುಳಿಯಾರಿನ ಆಸುಪಾಸಿನ ಗೊಲ್ಲರ ಹಟ್ಟಿಗಳಿಗೆ ರಜೆಯಲ್ಲೆಲ್ಲ ಹೋಗಿ, ಅಜ್ಜಿಯರ ಎದುರು ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂತು, ಅವರು ಹೇಳಿದ ಹಾಡುಗಳನ್ನು ಮನೆಗೆ ತಂದು ಟೈಪು ಮಾಡುತ್ತಿದ್ದಳು. ಮೂರು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಹಾಡು. ಅದರಲ್ಲಿ ಅರ್ಧದಷ್ಟು ಈರಜ್ಜಿ ಎಂಬ ಒಬ್ಬಳೇ ಮುದುಕಿ ಹೇಳಿದವು. ಪ್ರತಿ ಹಾಡಿಗೂ ಹೊಸ ಕ್ಯಾಸೆಟ್ ಏಕೆ, ಟೈಪು ಮಾಡಿಯಾದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನದನ್ನು ತುಂಬಿಕೊಳ್ಳಬಹುದಲ್ಲ ಎಂಬ ಅಮೂಲ್ಯ ಸಲಹೆ ಕೊಟ್ಟವನು ಯಾರೆಂದು ನೀವು ಊಹಿಸಿರುತ್ತೀರಿ. ಹೀಗಾಗಿ ಈರಜ್ಜಿಯ ಹಾಡುಗಳು ಇದ್ದದ್ದು ಎರಡೇ ಕಡೆ: ಅವಳ ತಲೆಯಲ್ಲಿ ಮತ್ತು ಲ್ಯಾಪ್‌ಟಾಪಿನಲ್ಲಿ. ಗೌರಿಹಬ್ಬದ ಹೊತ್ತಿಗೆ ಈರಜ್ಜಿ ತೀರಿಕೊಂಡಳು.

ಇದಕ್ಕೂ ಮೊದಲು, ಅದೇ ವರ್ಷದ ಬೇಸಿಗೆಯಲ್ಲಿ, ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿರುವ ಪುಟ್ಟ ಫ್ಯಾನು ಕಿರ್ ಎನ್ನತೊಡಗಿತ್ತು. ಕಿರುಗುಟ್ಟುವ ಬಾಗಿಲು, ಬಾವಿಯ ರಾಟೆ, ಹೊಲಿಗೆ ಯಂತ್ರ, ಕೊನೆಗೆ ನನ್ನ ಮೊಣಕಾಲು, ಎಲ್ಲಕ್ಕೂ ನಮ್ಮ ಮನೆಯಲ್ಲಿರುವುದು ಒಂದೇ ಔಷಧ. ಪಾರ್ವತಿ ಶಾಲೆಗೆ ಹೋದಾಗ ಅಡಿಯ ಪುಟ್ಟ ಮುಚ್ಚಳ ಬಿಚ್ಚಿ, ಫ್ಯಾನಿನ ನಡುವೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟೆ. ಧಾರಾಳಕ್ಕೆ ಇರಲೆಂದು ಇನ್ನೆರಡು. ಸದ್ದು ಅಡಗಿತು. ಇಂಥ ಮೌನಸೇವೆಯನ್ನು ಹೇಳಿಕೊಳ್ಳಬಾರದೆಂದು ನಾನೂ ಹೇಳಲಿಲ್ಲ.

ಚಳಿ ಶುರುವಾದ ಮೇಲೆ ತೊಂದರೆ ಮೊದಲಾಯಿತು. ಪಾರ್ವತಿ ಟೈಪು ಮಾಡುವುದು ಬೆಳಿಗ್ಗೆ, ಶಾಲೆಗೆ ಹೊರಡುವ ಮುಂಚೆ. ಹತ್ತು ನಿಮಿಷಕ್ಕೆ ಯಂತ್ರ ಕಾದು, ಒಂದು ಮಾತೂ ಹೇಳದೆ ಆರಿಹೋಗುವುದು. ಮಧ್ಯಾಹ್ನ ನಾನು ಹಾಕಿ ನೋಡಿದರೆ ಸೊಗಸಾಗಿ ನಡೆಯುವುದು.

“ನೆಟ್ಟಗೈತಲ್ಲೇ, ನೀನು ಅದೇನು ಒತ್ತುತೀಯೋ ಏನೋ,” ಎಂದೆ.

“ನಾನು ಒತ್ತೋದು ಅಕ್ಷರ ಕಣ್ರೀ, ಗಂಟಲಲ್ಲ,” ಎಂದಳು.

ತಿಪಟೂರಿಗೆ ಒಯ್ದೆ. ಅಲ್ಲಿ ಅಮೀರ್‌ಜಾನ್ ಸಾಬರು ಮೊದಲು ರೇಡಿಯೋ, ಆಮೇಲೆ ಟಿ.ವಿ., ಈಗ ಕಂಪ್ಯೂಟರು ಎಂದು ಕಾಲಕ್ಕೆ ತಕ್ಕ ಹಾಗೆ ರಿಪೇರಿ ಮಾಡುತ್ತ ಬಂದವರು. ಬೆಳಗಿನ ವ್ಯಾಪಾರ ಮುಗಿಸಿ ನಾನು ಅವರ ಅಂಗಡಿ ಮೆಟ್ಟಿಲು ಹತ್ತುವಾಗ ಹನ್ನೆರಡು ದಾಟಿತ್ತು. ಯಂತ್ರ ಅವರೆದುರು ಒಂದು ಗಂಟೆ ಪರಮ ಸಾಧುವಾಗಿ ನಡೆಯಿತು. “ಇದಕ್ಕೇನೂ ಆಗಿಲ್ಲ ಸಾವ್ಕಾರ್ರೇ, ತಗೊಂಡ್ ಹೋಗಿ,” ಎಂದು ಕಳಿಸಿದರು. ವಾರ ಬಿಟ್ಟು ಮತ್ತೆ ಒಯ್ದಾಗಲೂ ಅದೇ ಕಥೆ.

ಮರುದಿನ ಬೆಳಿಗ್ಗೆ ಅದು ಮೂರು ಸಲ ಆರಿಹೋಯಿತು. ನಾಲ್ಕನೆಯ ಸಲ ಹೊತ್ತಿಕೊಳ್ಳಲೇ ಇಲ್ಲ. ಪಾರ್ವತಿ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಆಮೇಲೆ ಎದ್ದು ಸೆರಗು ಸರಿಪಡಿಸಿಕೊಂಡು, “ಬೆಳಿಗ್ಗೆ ಬರೋ ಜ್ವರಾನ ಮಧ್ಯಾಹ್ನ ತೋರಿಸಿದ್ರೆ ಡಾಕ್ಟ್ರಿಗೆ ಏನ್ ಗೊತ್ತಾಗುತ್ತೆ? ನಾಳೆ ಫಸ್ಟ್ ಬಸ್ಸಿಗೆ ನಾನೇ ಬತ್ತೀನಿ,” ಎಂದಳು. ಮೂವತ್ತು ವರ್ಷ ಸಲಹೆ ಹಂಚಿದ ನನಗೆ ಹೊಳೆಯದೇ ಹೋದದ್ದು ಇದೊಂದೇ.

ಹೀಗೆ ಏಳೂವರೆಗೆಲ್ಲ ನಾವು ಸಾಬರ ಅಂಗಡಿಯಲ್ಲಿದ್ದೆವು. ಅವರು ಮಫ್ಲರ್ ಬಿಚ್ಚಿರಲಿಲ್ಲ. ಪುಣ್ಯಕ್ಕೆ ಯಂತ್ರ ಹೊತ್ತಿಕೊಂಡಿತು, ಅವರ ಕಣ್ಣೆದುರೇ ಕಾದು ಆರಿತು. “ಈಗ ಸಿಕ್ತು ನೋಡಿ,” ಎಂದು ಅವರು ಅಂಗಿಯ ತೋಳು ಮಡಚಿದರು.

ಅವರು ಬಿಚ್ಚಿದ ರೀತಿಯನ್ನು ನಿಮಗೆ ಹೇಳಲೇಬೇಕು. ಏಕೆಂದರೆ ನಾನು ಹಿಂದೊಮ್ಮೆ ಮಿಕ್ಸಿ ಬಿಚ್ಚಿ ಜೋಡಿಸಿ ಮೂರು ಸ್ಕ್ರೂ ಉಳಿಸಿ, ಉಳಿತಾಯವೆಂದು ಬೀಗಿದವನು. ಸಾಬರು ಮೊದಲು ವೈರು ಕಿತ್ತರು, ಬ್ಯಾಟರಿ ತೆಗೆದರು. ಆಮೇಲೂ ಗುಂಡಿಯನ್ನು ಒಂದಷ್ಟು ಹೊತ್ತು ಒತ್ತಿ ಹಿಡಿದರು, ಒಳಗೆ ಅಳಿದುಳಿದ ಕರೆಂಟು ಹೋಗಲೆಂದು. ನಲ್ಲಿಯ ಕಬ್ಬಿಣ ಮುಟ್ಟಿ ಬಂದು ಕೂತರು; ಚಳಿಗಾಲದಲ್ಲಿ ಉಣ್ಣೆ ಹೊದ್ದ ಮೈಯಲ್ಲಿ ಕಾಣದ ಕಿಡಿ ಕೂತಿರುತ್ತದಂತೆ, ಅದು ಯಂತ್ರಕ್ಕೆ ತಗಲಿದರೆ ಕೇಡು. ಮೇಜಿನ ಮೇಲೆ ಐದು ತೆಂಗಿನ ಕರಟಗಳನ್ನು ಸಾಲಾಗಿಟ್ಟರು. ಮೊದಲು ಬಿಚ್ಚಿದ ಸ್ಕ್ರೂಗಳು ಮೊದಲ ಕರಟಕ್ಕೆ, ಮುಂದಿನವು ಮುಂದಿನದಕ್ಕೆ. ಜೋಡಿಸುವಾಗ ಕೊನೆಯ ಕರಟದಿಂದ ಹಿಂದಕ್ಕೆ ಬರಬೇಕು. ಉದ್ದದ ಸ್ಕ್ರೂ ಗಿಡ್ಡದ ಜಾಗಕ್ಕೆ ಹೋದರೆ ಒಳಗಿನ ಸರ್ಕ್ಯೂಟ್ ಹಲಗೆಯನ್ನೇ ತೂತು ಮಾಡೀತು. ಸಾವಿರಾರು ಕರಟಗಳ ನಡುವೆ ಬಾಳಿದ ನನಗೆ ಅವುಗಳ ಈ ಉಪಯೋಗ ತಿಳಿದಿರಲಿಲ್ಲ.

ಒಳಗಿನಿಂದ ಮೊದಲು ಅವರು ಹೊರತೆಗೆದದ್ದು, ಟೈಪು ಮಾಡಿದ್ದೆಲ್ಲ ಉಳಿದಿರುವ ಅಂಗೈಯಗಲದ ಹಾರ್ಡ್‌ಡಿಸ್ಕು. ಒಣಬಟ್ಟೆಯ ಮೇಲಿಟ್ಟು, “ನೋಡಮ್ಮಾ, ಇದು ಗಿಟುಕು. ಮಿಕ್ಕಿದ್ದೆಲ್ಲ ಕರಟ,” ಎಂದರು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. “ಅಲ್ಲಾಡಿಸ್‌ಬ್ಯಾಡಿ ಮತ್ತೆ!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಕೀಲಿಮಣೆ ಎತ್ತಿದಾಗ ಅದರಡಿಯಲ್ಲಿ ಕಾಗದದಷ್ಟು ತೆಳ್ಳನೆಯ ಪಟ್ಟಿಯೊಂದು ಹಲಗೆಗೆ ಅಂಟಿಕೊಂಡಿತ್ತು. ನಾನಾಗಿದ್ದರೆ ಎಳೆದುಬಿಡುತ್ತಿದ್ದೆ. ಅವರು ಅದನ್ನು ಹಿಡಿದಿದ್ದ ಚಿಲಕವನ್ನು ಉಗುರಿನಿಂದ ಮೀಟಿ, ನೋಯದಂತೆ ಬಿಡಿಸಿದರು. ಬಿಗಿಯಿದ್ದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಎಂದೇ ಅರ್ಥ, ಬಲ ಬಳಸಬಾರದು ಎಂದರು. ಕೊನೆಗೆ ಫ್ಯಾನು ಹೊರಬಂತು. ನಮ್ಮ ಅಟ್ಟದ ನಾರಿನ ಧೂಳೆಲ್ಲ ಬೆಳ್ಳನೆಯ ಜಿಡ್ಡಿನಲ್ಲಿ ಕಲಸಿ, ರೆಕ್ಕೆಗಳು ಕೊಬ್ಬರಿ ಮಿಠಾಯಿಯಲ್ಲಿ ಅದ್ದಿದಂತಿದ್ದವು. ಸಾಬರು ಅದನ್ನು ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಹಿಡಿದರು.

“ಸಾವ್ಕಾರ್ರೇ, ಫ್ಯಾನಿಗೆ ತಲೆ ಸ್ನಾನ ಮಾಡಿಸಿದ್ರಾ?”

ಮಂಡಿಯಲ್ಲಿ ಎಂಥೆಂಥ ಕೊಳೆತ ಮಾಲಿಗೂ ಸಮರ್ಥನೆ ಕೊಟ್ಟಿದ್ದೇನೆ. ಆಗ ಒಂದೂ ನೆನಪಾಗಲಿಲ್ಲ. “ಕಿರ್ ಅಂತಿತ್ತು. ನಾಲ್ಕು ಹನಿ...” ಎಂದೆ. ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಫ್ಯಾನು ತಿರುಗದು, ಗಾಳಿಯಿಲ್ಲದೆ ಯಂತ್ರ ಕಾದು ಆರುವುದು. ಬಿಸಿಲೇರಿದ ಮೇಲೆ ಎಣ್ಣೆ ಕರಗಿ ಎಲ್ಲವೂ ಸರಿ. ಜಗಲಿಯ ಮೇಲಿನ ಬಾಟಲಿ ದಿನಾ ಬೆಳಿಗ್ಗೆ ನನಗೆ ಹೇಳುತ್ತಿದ್ದದ್ದನ್ನೇ ಲ್ಯಾಪ್‌ಟಾಪೂ ಹೇಳುತ್ತಿತ್ತು.

ಪಾರ್ವತಿ ನನ್ನ ಕಡೆ ನೋಡಲಿಲ್ಲ. “ಫ್ಯಾನು ಆಮೇಲೆ ಸಾಬ್ರೇ. ಹಾಡೈತಾ ನೋಡಿ,” ಎಂದಳು.

ಡಿಸ್ಕನ್ನು ಅವರ ಕಂಪ್ಯೂಟರಿಗೆ ಸಿಕ್ಕಿಸಿದರು. ಹಾಡುಗಳ ಪಟ್ಟಿ ಬಂತು. ಮೊದಲನೆಯದನ್ನು ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಗೆರೆ, ಚುಕ್ಕೆ, ಕೊಕ್ಕೆ. ಪಾರ್ವತಿಯ ಕೈ ಮೇಜಿನಂಚನ್ನು ಹಿಡಿದುಕೊಂಡಿತು. ಸಾಬರು ಮಾತ್ರ ನಕ್ಕರು. “ಹಾಡು ಕೆಟ್ಟಿಲ್ಲಮ್ಮಾ. ನನ್ ಮಿಷಿನ್‌ನಲ್ಲಿ ಕನ್ನಡ ಅಕ್ಷರ ಇಲ್ಲ, ಅಷ್ಟೇ.” ಪಾರ್ವತಿಯ ಬ್ಯಾಗಿನಲ್ಲಿ ಆ ಅಕ್ಷರಗಳ ಸಿ.ಡಿ. ಇತ್ತು. ಹಾಕಿದರು. ಕೊಕ್ಕೆಗಳೆಲ್ಲ ಒಮ್ಮೆಗೇ ಮೈಮುರಿದು ಕನ್ನಡವಾದವು. ಈರಜ್ಜಿ ಎದ್ದು ಕೂತಳು.

ಪಾರ್ವತಿ ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು; ಓದುತ್ತ ಓದುತ್ತ ಅದು ಸಣ್ಣ ದನಿಯಲ್ಲಿ ರಾಗವಾಯಿತು. ಫ್ಯಾನಿನ ಗೂಡು ಉಜ್ಜುತ್ತಿದ್ದ ಸಾಬರ ಬ್ರಷ್ಷು ನಿಂತಿತು. ಮುಗಿದ ಮೇಲೆ ಅವಳು ಕಣ್ಣೊರೆಸಿಕೊಂಡು ಕಡೆಗೂ ನನ್ನ ಕಡೆ ತಿರುಗಿ, “ನಿಮ್ಮ ಮೊಣಕಾಲಿಗೆ ಹಾಕೋದನ್ನ ಅದಕ್ಕೂ ಹಾಕ್ತಾರೇನ್ರೀ?” ಎಂದು ನಕ್ಕಳು. ಆ ನಗು ಕೇಳಿದಾಗ ನನಗಾದ ಹಗುರವನ್ನು ಯಾವ ತಕ್ಕಡಿಯಲ್ಲಿ ತೂಗಲಿ? ವಾರದಿಂದ ಎದೆಯ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡಂತಾಯಿತು.

ಸಾಬರು ಹೊಸ ಫ್ಯಾನು ಕೂರಿಸಿ, ಕಾವು ಹೀರುವ ಬಿಳಿ ಲೇಪವನ್ನು ಅಕ್ಕಿಕಾಳಿನಷ್ಟೇ ಇಟ್ಟು, ಐದನೆಯ ಕರಟದಿಂದ ಒಂದನೆಯದಕ್ಕೆ ಬಂದರು. ಒಂದು ಸ್ಕ್ರೂ ಕೂಡ ಉಳಿಯಲಿಲ್ಲ. ಅವರು ಹೇಳಿದ ದರಕ್ಕೆ ನಾನು ತುಟಿ ಬಿಚ್ಚಲಿಲ್ಲ, ಅವರೇ ಅನುಮಾನಪಟ್ಟು, “ಮೈ ಹುಷಾರಿಲ್ವಾ?” ಎಂದು ಕೇಳಿದರು. ಹಾಡುಗಳನ್ನು ಎರಡು ಸಿ.ಡಿ.ಗೆ ತುಂಬಿಸಿಕೊಂಡೆವು. ಒಂದು ಪಾರ್ವತಿಯ ಶಾಲೆಯ ಬೀರುವಿನಲ್ಲಿದೆ, ಇನ್ನೊಂದನ್ನು ಸಾಬರೇ ಕೇಳಿ ಇಟ್ಟುಕೊಂಡರು.

ನಿಮ್ಮಲ್ಲಿ ಲ್ಯಾಪ್‌ಟಾಪು ಇದ್ದರೆ ನನ್ನ ಸಲಹೆ ಇಷ್ಟೇ: ಬಿಚ್ಚುವುದಕ್ಕೆ ಮುಂಚೆ ಒಳಗಿರುವುದನ್ನು ಇನ್ನೊಂದು ಕಡೆ ಇಳಿಸಿಡಿ, ಮತ್ತು ನನ್ನಂಥವರ ಸಲಹೆ ಕೇಳಬೇಡಿ.

ಈಗ ಮಾಗಿಯ ಬೆಳಗುಗಳಲ್ಲಿ ನಮ್ಮ ಮನೆಯ ಲ್ಯಾಪ್‌ಟಾಪು ಎಣ್ಣೆಗಿಂತ ಮೊದಲು ಏಳುತ್ತದೆ. ಒಳಗೆ ಪಾರ್ವತಿ ಟೈಪು ಮಾಡುವ ಸದ್ದು ಕೇಳುತ್ತ ನಾನು ಬಾಟಲಿಯನ್ನು ಜಗಲಿಯ ಬಿಸಿಲಿಗಿಟ್ಟು ಪಕ್ಕದಲ್ಲಿ ಕೂರುತ್ತೇನೆ. ಬೀದಿಯ ಉಳಿದೆಲ್ಲ ಬಾಟಲಿಗಳಂತೆಯೇ ಇದೂ ಕರಗುತ್ತದೆ. ವ್ಯತ್ಯಾಸ ಒಂದೇ: ನಮ್ಮದರ ಮೇಲೆ ಮೇಷ್ಟ್ರಮ್ಮನ ದುಂಡಗಿನ ಅಕ್ಷರದಲ್ಲಿ ಒಂದು ಚೀಟಿ ಅಂಟಿದೆ, “ತಲೆಗೆ ಮಾತ್ರ”.