ತೊಗಲಿಲ್ಲದ ವಾದ್ಯ

ನಮ್ಮ ಇಬ್ರಾಹಿಂಪುರದ ಮನೆಯ ನಡುಕೋಣೆಯಲ್ಲಿ, ಕೂಸಿನ ಅರಿವೆ ಒಣಹಾಕುವ ಹಗ್ಗದ ಮೇಲ್ಗಡೆ, ಗೂಟಕ್ಕೆ ಒಂದು ಗಿಟಾರು ತೂಗುಹಾಕಿದೆ. ಬಂದವರು ಮೊದಲು ಅದನ್ನು ಪಿಟೀಲಿನ ಅಣ್ಣ ಅನ್ನುತ್ತಾರೆ. ಅದರ ಎದೆಯ ಎರಡೂ ಕಡೆ ಪಿಟೀಲಿಗೆ ಇರುವಂಥ ಬಳುಕಿನ ತೂತುಗಳಿವೆ. ಆಮೇಲೆ ಕೆಳಗೆ ಇಳಿಬಿದ್ದ ಕರಿಯ ವಾಯರು ಕಂಡು, ರೇಡಿಯೋ ಇರಬೇಕು ಅನ್ನುತ್ತಾರೆ. ಎರಡೂ ಪೂರ್ತಿ ತಪ್ಪಲ್ಲ. ಇದನ್ನು ಮಾಡಿದವನು ನನ್ನ ಮೈದುನ ಶಾಂತಪ್ಪ. ಅವನನ್ನು ಕುರಿತು ಏನು ಹೇಳಹೋದರೂ ಮಾತು ಈ ಗೂಟಕ್ಕೇ ಬಂದು ನಿಲ್ಲುತ್ತದೆ.

ನನ್ನ ಮಾವ ಧೂಳಪ್ಪನವರು ಸಾರವಾಡದಲ್ಲಿ ಹಲಗೆ ಬಾರಿಸುತ್ತಿದ್ದರು. ಅವರ ಅಪ್ಪನೂ ಅದನ್ನೇ ಬಾರಿಸಿದವರು. ಊರಲ್ಲಿ ಯಾರ ಮನೆಯ ಮದುವೆಯಾದರೂ, ಯಾರ ಮನೆಯ ಹೆಣ ಎದ್ದರೂ ಬಾಗಿಲ ಹೊರಗೆ ನಿಂತು ಬಾರಿಸಬೇಕು, ಕೊಟ್ಟದ್ದನ್ನು ಸೆರಗೊಡ್ಡಿ ತರಬೇಕು. ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಮಾವನವರು ಮನೆಗೆ ಬಂದು ಹಲಗೆಯ ತೊಗಲನ್ನು ಕುಡುಗೋಲಿನಿಂದ ಸುತ್ತಲೂ ಕೊಯ್ದು ತೆಗೆದರಂತೆ. ಇನ್ನು ಈ ಮನೆಯಲ್ಲಿ ಯಾರೂ ತೊಗಲು ಬಾರಿಸಬಾರದು ಎಂದು ಹೇಳಿದರಂತೆ. ಉಳಿದ ಕಟ್ಟಿಗೆಯ ಬಳೆಯನ್ನು ಎಸೆಯಲು ನನ್ನ ಅತ್ತೆ ಹುಲಿಗೆವ್ವ ಬಿಡಲಿಲ್ಲ. ಅದಕ್ಕೆ ತಂತಿಯ ಜಾಳಿಗೆ ಹೊಡೆಸಿ ಸಾಣಿಗೆ ಮಾಡಿಕೊಂಡರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಜೋಳದ ಹಿಟ್ಟು ಜರಡಿ ಹಿಡಿಯುವುದು ಅದರಲ್ಲೇ.

ನಾನು ಬರುವಷ್ಟರಲ್ಲಿ, ಹಲಗೆ ಬಿಟ್ಟದ್ದಕ್ಕೆ ಸಾರವಾಡದವರಿಗೂ ಮಾವನವರಿಗೂ ಮಾತು ನಿಂತು, ಮನೆಮಂದಿಯೆಲ್ಲ ವಿಜಾಪುರಕ್ಕೆ, ಈ ಇಬ್ರಾಹಿಂಪುರದ ಮನೆಗೆ, ಬಂದಾಗಿತ್ತು. ನಮ್ಮ ಯಜಮಾನರಿಗೆ ಕಚೇರಿಯಲ್ಲಿ ಜವಾನನ ಕೆಲಸ. ಶಾಂತಪ್ಪನಿಗೆ ರೇಲ್ವೆಯಲ್ಲಿ, ಗೂಡ್ಸ್ ಡಬ್ಬಿಗಳ ಮುರಿದ ಹಲಗೆ ಕೂಡಿಸುವ ಶೆಡ್ಡಿನಲ್ಲಿ ಬಡಗಿಯ ಕೈಕೆಳಗಿನ ಕೆಲಸ.

ಶಾಂತಪ್ಪನ ಬೆರಳು ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತರೆ ತಾಟಿನ ಅಂಚು, ನಿಂತರೆ ಬಾಗಿಲ ಚೌಕಟ್ಟು. ಹಿಟ್ಟು ಜರಡಿ ಹಿಡಿಯುವಾಗ ನನ್ನ ಕೈಯಿಂದ ಸಾಣಿಗೆ ಇಸಿದುಕೊಂಡು, ಖಾಲಿ ಬಳೆಗೇ ಎರಡು ಪೆಟ್ಟು ಹಾಕಿ ತಿರುಗಿ ಕೊಡುತ್ತಿದ್ದ. ಮಾವನವರು ಒಳಗಿದ್ದರೆ ಕೆಮ್ಮುತ್ತಿದ್ದರು. ಕೆಮ್ಮು ಕೇಳಿದ ಕೂಡಲೇ ಬೆರಳು ನಿಲ್ಲುತ್ತಿತ್ತು. ಅಪ್ಪ ಮಗನ ನಡುವೆ ಈ ವಿಷಯದಲ್ಲಿ ಅದಕ್ಕಿಂತ ಹೆಚ್ಚು ಮಾತು ಆದದ್ದು ನಾನು ಕೇಳಿಲ್ಲ.

ಗಿಟಾರು ಅವನ ಕಣ್ಣಿಗೆ ಬಿದ್ದದ್ದು ಸ್ಟೇಶನ್ನಿನಲ್ಲಿ. ಸೋಲಾಪುರದ ಗಾಡಿಗೆ ಕಾಯುತ್ತಿದ್ದ ಮುಂಬಯಿಯ ಆರ್ಕೆಸ್ಟ್ರಾದವನೊಬ್ಬ, ಹಮಾಲನ ಕೈಜಾರಿ ಬಿದ್ದ ತನ್ನ ವಾದ್ಯಕ್ಕೆ ಬಿರುಕು ಬಂದಿದೆಯೆಂದು ಬಡಗಿಯನ್ನು ಹುಡುಕಿಕೊಂಡು ಶೆಡ್ಡಿಗೆ ಬಂದಿದ್ದ. ಬಡಗಿ ಊಟಕ್ಕೆ ಹೋಗಿದ್ದರಿಂದ ಶಾಂತಪ್ಪನೇ ಬೆಣೆಯಿಟ್ಟು, ಅಂಟು ಹಚ್ಚಿ, ಹಗ್ಗ ಬಿಗಿದು ಕೊಟ್ಟ. ಅಂಟು ಆರುವವರೆಗೆ ಅದರ ತೂತಿಗೆ ಕಣ್ಣು ಹಚ್ಚಿ ಕೂತಿದ್ದನಂತೆ. ಎರಡು ಮಗ್ಗುಲೂ ಪೊಳ್ಳು. ನಡುವೆ ಮಾತ್ರ, ಕುತ್ತಿಗೆಯಿಂದ ಬುಡದವರೆಗೆ, ಒಂದು ಗಟ್ಟಿ ಮರದ ತುಂಡು. ಗಾಡಿ ಬರುವ ಮುಂಚೆ ಆ ಮನುಷ್ಯ ವಾಯರಿಲ್ಲದೆಯೇ ಸ್ವಲ್ಪ ಬಾರಿಸಿ ತೋರಿಸಿದ. ವಾದ್ಯ ಹೊಸದೇ, ಆದರೆ ಪಿಟೀಲಿನಂಥ ಮುಖ ಮಾತ್ರ ಹಳೆಯ ಕಾಲದ್ದು, ಅದಕ್ಕೇ ತನಗೆ ಇದರ ಮೇಲೆ ಜೀವ ಎಂದನಂತೆ.

ಆ ರಾತ್ರಿ ಊಟಕ್ಕೆ ಬಡಿಸುವಾಗ ಶಾಂತಪ್ಪ ನನಗೆ ಹೇಳಿದ್ದು ಇಷ್ಟು: "ವೈನಿ, ಅದರಾಗ ತೊಗಲ ಇಲ್ಲ. ಅದನ್ನ ಇಂಥಾ ಮಂದಿನ ಬಾರಸಬೇಕಂತ ಯಾರೂ ಹೇಳಿಲ್ಲ."

ಅವನೇ ಒಂದು ಮಾಡಲು ಹೊರಟ. ಎದೆಗೆ ಮತ್ತು ಬೆನ್ನಿಗೆ ಚಹಾಪುಡಿ ಬರುವ ಪೆಟ್ಟಿಗೆಯ ತೆಳು ಹಲಗೆ, ಕುತ್ತಿಗೆಗೆ ಹಳೆಯ ಗೂಡ್ಸ್ ಡಬ್ಬಿಯ ಸಾಗವಾನಿ. ತಂತಿ ಮಿರಜದಿಂದ ಬಂದವು. ತಂತಿಯ ಕೆಳಗೆ ಕೂರಿಸುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯನ್ನು ಸಿದ್ಧೇಶ್ವರ ಗುಡಿಯ ಹತ್ತಿರ ಲೌಡ್‌ಸ್ಪೀಕರ್ ಬಾಡಿಗೆ ಕೊಡುವ ಸಿದ್ದರಾಯ ಎಂಬವನು ಕೆಟ್ಟುಹೋದ ಟೆಲಿಫೋನಿನಿಂದ ಬಿಚ್ಚಿ ಕೊಟ್ಟ. ಕೊರೆಯುವುದು, ತಿಕ್ಕುವುದು ಎಲ್ಲ ನಮ್ಮ ಅಂಗಳದಲ್ಲೇ ಆಗುತ್ತಿತ್ತು. ಅಂಟಿಸುವ ಕೆಲಸ ಮಾತ್ರ ಶೆಡ್ಡಿನಲ್ಲಿ. ಮನೆಯಲ್ಲಿ ಕೂಸು ಓಡಾಡುತ್ತದೆ, ಬಿಸಿ ಅಂಟು ಬೇಡ ಎಂದು ಹಾಗೆ ಮಾಡುತ್ತಾನೆಂದು ನಾನು ಒಳಗೊಳಗೇ ಮೆಚ್ಚಿಕೊಂಡಿದ್ದೆ.

ಮೊದಲು ಮಾಡಿದ್ದು ಕೆಟ್ಟಿತು. ನಡುವಿನ ಮರದ ತುಂಡನ್ನು ಅವನು ಹಾಕಿರಲೇ ಇಲ್ಲ. ಅದು ಯಾವುದೋ ಹಳೆಯ ರಿಪೇರಿಯದೆಂದು ತಿಳಿದಿದ್ದ. ಹಲಗೆಯ ಮನೆತನದವನಿಗೆ ಬೇರೆ ಏನು ಹೊಳೆಯಬೇಕು? ಪೊಳ್ಳು ಇದ್ದರೆ ದನಿ, ಪೊಳ್ಳು ಹೆಚ್ಚಿದಷ್ಟೂ ದನಿ ಹೆಚ್ಚು. ಸಿದ್ದರಾಯನ ಅಂಗಡಿಯಲ್ಲಿ ವಾಯರು ಚುಚ್ಚಿ ಒಂದು ತಂತಿ ಮೀಟಿದ್ದೇ ತಡ, ಲೌಡ್‌ಸ್ಪೀಕರು ಊಳಿಡಲು ಹತ್ತಿತು. ಕೈಬಿಟ್ಟರೂ ನಿಲ್ಲದು. ಗುಡಿಗೆ ಬಂದ ಮಂದಿ ನಿಂತು ನೋಡಿದರಂತೆ.

"ನಿನ್ನ ಡಬ್ಬಿ ತನ್ನ ದನಿ ತಾನ ನುಂಗಿ ತಾನ ಕಾರಾಕತ್ತೈತೆಪಾ," ಎಂದು ಸಿದ್ದರಾಯ ಕರೆಂಟು ತೆಗೆದ. ಸ್ಪೀಕರಿನ ಸದ್ದು ಪೊಳ್ಳು ಹೊಟ್ಟೆಯೊಳಗೆ ಹೊಕ್ಕು ಅದನ್ನು ನಡುಗಿಸುತ್ತದೆ, ಆ ನಡುಕ ಮತ್ತೆ ಸ್ಪೀಕರಿಗೆ ಹೋಗುತ್ತದೆ. ಮನೆಗೆ ಬಂದ ಶಾಂತಪ್ಪ ತೂತುಗಳಿಗೆ ಕೂಸಿನ ಹಳೆಯ ಅರಿವೆ ತುರುಕಿ, ಮತ್ತೆ ಅಂಗಡಿಗೆ ಒಯ್ದು ನೋಡಿದ. ಊಳು ಕಡಿಮೆಯಾಯಿತು, ಜೊತೆಗೆ ದನಿಯೂ ಸತ್ತಿತು. ಅವುಗಳ ಜೊತೆ ಸೇರಿಹೋದ ಎರಡು ಒಳ್ಳೆಯ ಅರಿವೆ ಮರದ ಪುಡಿ ಮೆತ್ತಿಕೊಂಡು ಬಂದವು. ಆಮೇಲೆಯೇ ಅವನಿಗೆ ಮುಂಬಯಿಯವನ ವಾದ್ಯದ ನಡುವಿನ ಗಟ್ಟಿ ತುಂಡು ಯಾತಕ್ಕೆಂದು ಗೊತ್ತಾದದ್ದು. ಬೆನ್ನು ಬಿಚ್ಚಿ, ನಡುವೆ ಸಾಗವಾನಿಯ ತುಂಡು ಕೂರಿಸಿ ಮತ್ತೆ ಮುಚ್ಚಿದ.

ಎರಡನೆಯ ಸಲ ಬಂದ ದನಿಯನ್ನು ನಾನು ಮನೆಯಲ್ಲೇ ಕೇಳಿದೆ, ವಾಯರಿಲ್ಲದೆ. ಅಡುಗೆಮನೆಗೆ ಮುಟ್ಟುವಷ್ಟಿತ್ತು. ತೊಟ್ಟಿಲಲ್ಲಿ ಮಲಗಿದ ನನ್ನ ಕೂಸು ಸುರೇಶ ಏಳಲಿಲ್ಲ. ತಾಯಂದಿರಿಗೆ ಇದಕ್ಕಿಂತ ಹೆಚ್ಚಿನ ಗುಣ ಬೇಕಿಲ್ಲ. ಸಿದ್ದರಾಯನ ಪೆಟ್ಟಿಗೆಗೆ ಕೂಡಿಸಿದರೆ ಅದೇ ದನಿ ಓಣಿಯ ತುದಿಗೆ ಹೋಗುತ್ತಿತ್ತು. ದಪ್ಪಗೆ, ಸ್ವಲ್ಪ ಬೆಚ್ಚಗೆ, ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಮಾತಾಡಿದಂತೆ. ಪೂರ್ತಿ ಪೊಳ್ಳಿನದು ಕೂಗುತ್ತದೆ, ಪೂರ್ತಿ ಗಟ್ಟಿಯದು ಕರೆಂಟಿಲ್ಲದಿದ್ದರೆ ಮೂಕ, ಇದು ನಡುವಿನದು ಎಂದು ಶಾಂತಪ್ಪ ಕಂಡಕಂಡವರಿಗೆ ಹೇಳುತ್ತಿದ್ದ. ಮಾವನವರು ಮಾತ್ರ ಅವನು ಬಾರಿಸಲು ಕೂತರೆ ಚಪ್ಪಲಿ ಮೆಟ್ಟಿ ರೇಲ್ವೆ ಹಳಿಯ ಕಡೆ ನಡೆದುಬಿಡುತ್ತಿದ್ದರು.

ಅಷ್ಟರಲ್ಲಿ ನಾದಿನಿ ರೇಣವ್ವನ ಮದುವೆ ತಿಕೋಟಾದಲ್ಲಿ ಗೊತ್ತಾಯಿತು. ದೀಕ್ಷೆಯ ನಂತರ ನಮ್ಮ ಮಂದಿಯ ಮದುವೆಗಳು ಸದ್ದಿಲ್ಲದೆ ಆಗುತ್ತಿದ್ದವು. ಹಲಗೆ ಬಿಟ್ಟಾಗಿತ್ತು, ಅದರ ಜಾಗಕ್ಕೆ ಏನೂ ಬಂದಿರಲಿಲ್ಲ. ವಂದನೆ ಮುಗಿದರೆ ನೇರ ಊಟ. ತಂಗಿಯ ಮದುವೆಯಲ್ಲಿ ತಾನು ಬಾರಿಸುತ್ತೇನೆ ಎಂದು ಶಾಂತಪ್ಪ ಅಪ್ಪನ ಎದುರು ನಿಂತು ಕೇಳಿದ. ಅವನು ಅಪ್ಪನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಮಾವನವರು ವಾದ್ಯದ ಕಡೆ ಬೆರಳು ತೋರಿಸಿದರು.

"ಇದರಾಗ ತೊಗಲ ಐತೇನಲೇ?"

"ಇಲ್ಲ ಯಪ್ಪಾ. ಕಟ್ಟಿಗಿ, ತಂತಿ."

"ಹಂಗಾರ ಬಾರಸು."

ತಿಕೋಟಾದಲ್ಲಿ ವರನ ದೊಡ್ಡಪ್ಪ ಬೀರಣ್ಣನವರು ಹಿರಿಯರು. ಅವರೂ ಒಂದು ಕಾಲಕ್ಕೆ ಹಲಗೆ ಬಾರಿಸಿ ಬಿಟ್ಟವರು. ಹೆಣ್ಣಿನ ಕಡೆಯವರು ವಾದ್ಯ ತರುತ್ತಾರೆಂಬ ಸುದ್ದಿ ಕೇಳಿ, ಬಿಟ್ಟದ್ದನ್ನು ಬೇರೆ ಹೆಸರಿನಲ್ಲಿ ತರುತ್ತೀರೇನು ಎಂದು ಹೇಳಿಕಳಿಸಿದರು. ಮಾವನವರು ತಾವೇ ಬಸ್ಸು ಹತ್ತಿ ಹೋಗಿ, ತೊಗಲಿನ ಸೋಂಕೂ ಇಲ್ಲವೆಂದು ಮಾತು ಕೊಟ್ಟು ಬಂದರು. ಆ ಮಾತಿನ ಮೇಲೆಯೇ ನಾವು ಹೊರಟದ್ದು.

ಮದುವೆ ಮಾಘದಲ್ಲಿ. ಹಿಂದಿನ ದಿನ ಹೋಗಿ ಇಳಿದೆವು. ವಾದ್ಯವನ್ನು ಕೌದಿಯಲ್ಲಿ ಸುತ್ತಿ ಹಂದರದಲ್ಲೇ ಇಟ್ಟಿದ್ದರು, ಬೆಳಗಿನ ಹೊತ್ತಿಗೆ ಕೌದಿ ಇಬ್ಬನಿಯಿಂದ ತೊಯ್ದಿತ್ತು. ಸಿದ್ದರಾಯ ಬ್ಯಾಟರಿಯ ಪೆಟ್ಟಿಗೆ ಜೋಡಿಸುತ್ತಿದ್ದ. ಶಾಂತಪ್ಪ ವಾಯರು ಬಿಡಿಸುವಷ್ಟು ಹೊತ್ತು ಹಿಡಿದುಕೊಳ್ಳಲಿ ಎಂದು ವಾದ್ಯವನ್ನು ಅಪ್ಪನ ಕೈಗೆ ಕೊಟ್ಟ. ನಾನು ಕೂಸಿಗೆ ಬಿಸಿನೀರು ತರಲು ಆ ಕಡೆಯೇ ಹೋಗುತ್ತಿದ್ದೆ, ಆದ್ದರಿಂದ ಮುಂದಿನದನ್ನೆಲ್ಲ ನೋಡಿದೆ.

ಹಂದರದ ಮಗ್ಗುಲಿಗೆ ಹಿರಿಯರು ಮೈಕಾಯಿಸಿಕೊಳ್ಳಲು ಜೋಳದ ಕಣಿಕೆಯ ಬೆಂಕಿ ಹಾಕಿಕೊಂಡು, ಶಾಲೆಯಿಂದ ತಂದ ಕುರ್ಚಿಗಳ ಮೇಲೆ ಕೂತಿದ್ದರು. ಮಾವನವರು ಅಲ್ಲಿಗೆ ನಡೆದರು. ಮುಂಗಾಲಲ್ಲಿ ಕೂತರು. ವಾದ್ಯದ ಎದೆಯನ್ನು ಬೆಂಕಿಗೆ ಒಡ್ಡಿ, ನಿಧಾನ ಹೊರಳಿಸುತ್ತ, ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳಿದರು. ಬಾರಿಸುವ ಮುಂಚೆ ಹಲಗೆಯನ್ನು ಹೀಗೆಯೇ ಕಾಯಿಸಬೇಕು, ಇಲ್ಲದಿದ್ದರೆ ತೊಗಲು ಬಿಗಿಯಾಗುವುದಿಲ್ಲ. ಮದುವೆಯ ಬೆಳಗು, ಕೈಯಲ್ಲಿ ವಾದ್ಯ, ಎದುರಿಗೆ ಬೆಂಕಿ. ತಾವೇನು ಮಾಡುತ್ತಿದ್ದೇವೆಂಬುದು ಅವರಿಗೆ ಗೊತ್ತಿರಲಿಲ್ಲ. ಬೀರಣ್ಣನವರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, "ಇನ್ನೊಂದೀಟ ಆ ಮಗ್ಗಲ ತೋರಸು," ಎಂದರು.

ಆಮೇಲೆ ವಾಸನೆ ಬಂತು. ಕೊಂಬು ಸುಟ್ಟಂಥ, ಹಸಿ ತೊಗಲು ಕಾದಂಥ ವಾಸನೆ. ವಾದ್ಯದ ಕೆಳಗಿನ ಅಂಚು ಬೆರಳು ತೂರುವಷ್ಟು ಬಾಯಿ ಬಿಟ್ಟಿತು, ಅದರಿಂದ ಕಂದು ಬಣ್ಣದ ಅಂಟು ಎಳೆಯಾಗಿ ಇಳಿಯಿತು. ಮಾವನವರು ಅದನ್ನು ಬೆರಳಿಗೆ ಹಚ್ಚಿ ಮೂಗಿನ ಹತ್ತಿರ ಒಯ್ದರು. ಬೀರಣ್ಣನವರೂ ಬಗ್ಗಿದರು. ಆ ವಾಸನೆಯನ್ನು ಇಬ್ಬರಿಗೂ ಯಾರೂ ಹೇಳಿಕೊಡಬೇಕಿರಲಿಲ್ಲ.

"ಧೂಳಪ್ಪ, ನೀ ಕೊಟ್ಟ ಮಾತ ಏನಿತ್ತಪಾ?" ಎಂದರು ಬೀರಣ್ಣನವರು.

ಶಾಂತಪ್ಪ ವಾಯರು ಕೈಯಲ್ಲೇ ಹಿಡಿದು ಓಡಿ ಬಂದಿದ್ದ. ಅಂಗಳದಲ್ಲಿ ಎಂದೂ ಅಂಟು ಕಾಯಿಸದೆ ಶೆಡ್ಡಿನಲ್ಲೇ ಯಾಕೆ ಕಾಯಿಸಿದನೆಂದು ನನಗೆ ಆಗ ಗೊತ್ತಾಯಿತು. ಬಡಗಿಯ ಸರೇಸು ತೊಗಲನ್ನೂ ಎಲುಬನ್ನೂ ಕುದಿಸಿ ಮಾಡುವುದು. ಅಪ್ಪ ಕೇಳಿದಾಗಲೂ ಅವನಿಗೆ ಅದು ಗೊತ್ತಿತ್ತು. ಈಗ ಅವನು ನೆಲ ನೋಡುತ್ತ ಹೇಳಿದ:

"ಇದು ಸರೇಸ ಯಪ್ಪಾ. ನೀವು ಕುಂತ ಕುರ್ಚಿಗೂ ಇದ ಐತಿ. ಗೌಡ್ರ ಮಂಚಕ್ಕೂ ಇದ ಐತಿ. ಅಲ್ಲಿ ಯಾರೂ ಇದನ್ನ ತೊಗಲ ಅನ್ನಂಗಿಲ್ಲ."

ಬೀರಣ್ಣನವರು ಎದ್ದು ನಿಂತರು. ಕುರ್ಚಿಯನ್ನು ತಿರುವಿ ಅದರ ಕಾಲು ಕೂಡಿದ ಸಂದಿಯನ್ನು ಉಗುರಿನಿಂದ ಕೆರೆದು ಮೂಸಿದರು. ಉಳಿದ ಹಿರಿಯರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಕುರ್ಚಿಯ ಕೆಳಗೆ ನೋಡಿಕೊಂಡರು. ಯಾರೂ ನಗಲಿಲ್ಲ. ಬೀರಣ್ಣನವರು ಕುರ್ಚಿಯನ್ನು ನೆಟ್ಟಗೆ ಇಟ್ಟು ಅದರ ಮೇಲೆಯೇ ಕೂತರು. ಕೂತು ಮಾವನವರ ಕಡೆ ನೋಡಿದರು. ಹೇಳಬೇಕಾದವರು ಅವರೇ, ಮಾತು ಕೊಟ್ಟವರೂ ಅವರೇ.

ಮಾವನವರು ಬೆಂಕಿಯಿಂದ ಹಿಂದೆ ಸರಿದರು. ಅಂಟು ಇನ್ನೂ ಬಿಸಿಯಿತ್ತು. ಬಾಯಿಬಿಟ್ಟ ಅಂಚನ್ನು ಎರಡೂ ಅಂಗೈಯಿಂದ ಕೂಡಿಸಿ ಎದೆಗೆ ಒತ್ತಿ ಹಿಡಿದರು. ತೊಗಲನ್ನು ಬಿಸಿಯಿದ್ದಾಗಲೇ ಎಳೆದು ಕೂಡಿಸಬೇಕೆಂಬುದು ಅವರ ಕೈಗೆ ಗೊತ್ತಿತ್ತು.

"ಬೀರಣ್ಣ, ನಾ ಮಂದಿ ಬಾಗಲಾಗ ನಿಂತ ಬಾರಸೂದ ಬಿಟ್ಟೀನಿ," ಎಂದರು. "ಇದು ನನ್ನ ಮಗಳ ಹಂದರ." ಮತ್ತೆ ಮಗನ ಕಡೆ ತಿರುಗಿ, "ನನಗ ಸುಳ್ಳ ಹೇಳೀದಿ. ಅದರ ಮಾತ ಮನ್ಯಾಗ. ಆರೂತನಕ ನಾ ಹಿಡಿತೇನಿ, ನಡಿ, ವಾಯರ ಹಚ್ಚು."

ಬೀರಣ್ಣನವರು ಬೆಂಕಿಗೆ ಇನ್ನೊಂದಿಷ್ಟು ಕಣಿಕೆ ಒಟ್ಟಿದರು. ಬೇಡ ಅನ್ನಲಿಲ್ಲ ಎಂಬುದನ್ನೇ ಎಲ್ಲರೂ ಒಪ್ಪಿಗೆ ಎಂದು ತಿಳಿದುಕೊಂಡರು.

ಅಂಟು ಬೇಗ ಆರಲಿಲ್ಲ. ವಂದನೆಯ ಹೊತ್ತಿನಲ್ಲೂ ಮಾವನವರು ವಾದ್ಯವನ್ನು ಮಗುವಿನಂತೆ ಅಪ್ಪಿಕೊಂಡೇ ಮಗಳ ಪಕ್ಕದಲ್ಲಿ ಕೂತಿದ್ದರು. ವಿಜಾಪುರದಿಂದ ಬಂದ ಫೋಟೋದವನು ಆಗಲೇ ಚಿತ್ರ ತೆಗೆದ. ಅದರಲ್ಲಿ ಬಿಳಿ ಸೀರೆಯ ರೇಣವ್ವ, ವರ, ಗಿಟಾರು ಹಿಡಿದ ಮುದುಕ ಇದ್ದಾರೆ. ಚಿತ್ರ ನೋಡಿದವರು ವಾದ್ಯ ಬಾರಿಸುವವರು ಅವರೇ ಎಂದು ತಿಳಿಯುತ್ತಾರೆ. ಮಾವನವರು ತಿದ್ದುವುದಿಲ್ಲ.

ಊಟಕ್ಕೆ ಎಲೆ ಹಾಕಿದ ಮೇಲೆ ಶಾಂತಪ್ಪ ಬಾರಿಸಿದ. ಅಂಚು ಪೂರ್ತಿ ಕೂಡಿರಲಿಲ್ಲವಾದ್ದರಿಂದ ದಪ್ಪ ತಂತಿ ಮೀಟಿದಾಗಲೆಲ್ಲ ಝರ್ರೆನ್ನುತ್ತಿತ್ತು. ಊಳು ಮಾತ್ರ ಇಡಲಿಲ್ಲ. ಬೀರಣ್ಣನವರ ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿದ್ದುದನ್ನು ನಾನು ನೋಡಿದೆ. ಬಲಗೈಯಲ್ಲಿ ಅವರು ಹುಗ್ಗಿ ಉಣ್ಣುತ್ತಿದ್ದರು.

ಮನೆಗೆ ಬಂದ ಮೇಲೆ ಸುಳ್ಳಿನ ಮಾತು ಆಯಿತು. ಬಾಗಿಲು ಹಾಕಿಕೊಂಡು ಅಪ್ಪ ಮಗ ಏನು ಆಡಿದರೋ ನನಗೆ ಗೊತ್ತಿಲ್ಲ. ಹೊರಗೆ ಬಂದಾಗ ಶಾಂತಪ್ಪನ ಕಣ್ಣು ಕೆಂಪಾಗಿದ್ದವು. ಮಾರನೆಯ ದಿನ ಅವನು ಬಾಯಿಬಿಟ್ಟ ಅಂಚನ್ನು ಸರಿಯಾಗಿ ಕೂಡಿಸಲು ಸರೇಸಿನ ತುಂಡುಗಳನ್ನು ಶೆಡ್ಡಿನಿಂದ ಮನೆಗೇ ತಂದ. ಅಂಗಳದ ಒಲೆಯ ಮೇಲೆ ಕುದಿಯಲಿಟ್ಟ. ಓಣಿಗೆಲ್ಲ ವಾಸನೆ ಹರಡಿತು. ಮಾವನವರು ಈ ಸಲ ಹಳಿಯ ಕಡೆ ಹೋಗಲಿಲ್ಲ. ಒಲೆಯ ಮುಂದೆ ಕೂತು ಊದುಗೊಳವೆ ಹಿಡಿದು, ಉರಿ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಮಗನಿಗೆ ಹೇಳುತ್ತಿದ್ದರು. ಅತ್ತೆ ಮೂಗಿಗೆ ಸೆರಗು ಹಿಡಿದು ಇಬ್ಬರಿಗೂ ಬೈದರು. ಕುದಿಸಲು ನಾನು ಹಳೆಯ ಡಾಲ್ಡಾ ಡಬ್ಬಿ ಕೊಟ್ಟೆ. ಹಾಲಿನ ಪಾತ್ರೆ ಕೇಳಿದ್ದರು, ಕೊಡಲಿಲ್ಲ.