ಅಳಿಯ ತಂದ ಶಾವಿಗೆ ಬಿಲ್ಲೆ

ನನ್ನ ಗಂಡನ ಕೆಲಸ ಏನು ಅಂತ ಅಪ್ಪನಿಗೆ ತಿಳಿಸಿ ಹೇಳುವುದರಲ್ಲಿ ನಾನು ಪೂರ್ತಿ ಸೋತಿದ್ದೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿದ್ದ ಕಾಲ. ಹಾಸನದ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿಗೆ ಆಗಷ್ಟೇ ಲೇಸರ್ ಕಟಿಂಗ್ ಮಿಷನ್ ಬಂದಿತ್ತು. ಅದನ್ನು ನಡೆಸುತ್ತಿದ್ದವರು ಇವರು. ಹೆಣ್ಣು ನೋಡಲು ಬಂದಾಗ ಅದನ್ನೇ ಹೇಳಿದರು. ಅಪ್ಪ ನೋಡಿದ್ದ ಲೇಸರ್ ಅಂದರೆ ಬಾಳ್ಳುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದ ಕೆಂಪು ಲೈಟು ಮಾತ್ರ.

"ಹುಡುಗ್ರು ಎಲ್ರ ಮುಖಕ್ಕೂ ಬಿಡ್ತಾವಲ್ಲ, ಅದಾ? ಅದ್ರಲ್ಲಿ ಏನ್ ಕುಯ್ತೀಯಪ್ಪ?"

ಕಬ್ಬಿಣ, ಸ್ಟೀಲು ಎಲ್ಲ ಕುಯ್ಯಬಹುದು ಅಂದರು ಇವರು. ಅಪ್ಪ ಅಮ್ಮನ ಮುಖ ನೋಡಿದ. ಹುಡುಗ ಸುಳ್ಳು ಹೇಳ್ತಾನೆ ಅನ್ನುವುದು ಆ ನೋಟದಲ್ಲೇ ಇತ್ತು.

ಹಾನುಬಾಳಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಅಪ್ಪನ ಲೆಕ್ಕದಲ್ಲಿ ಮೈ ಬೆವರದಿದ್ದರೆ ಅದು ಕೆಲಸವೇ ಅಲ್ಲ. ಅಮ್ಮನೂ ನಾನೂ ಹಟ ಹಿಡಿದಿದ್ದಕ್ಕೆ ಮದುವೆಗೇನೋ ಒಪ್ಪಿದ. ಆದರೆ ಮದುವೆಯಾದ ಮೇಲೆ ಅಳಿಯನ ಜೊತೆ ನೇರವಾಗಿ ಮಾತೇ ಇಲ್ಲ. ಇವರು ಎದುರಿನ ಕುರ್ಚಿಯಲ್ಲಿ ಕೂತಿದ್ದರೂ, ನಿನ್ನ ಗಂಡಂಗೆ ಕಾಫಿ ಬೇಕಾ ಕೇಳು ಅನ್ನುತ್ತಿದ್ದ. ಬೇಕು ಅಂತ ಇವರು ನನಗೆ ಹೇಳಬೇಕು, ನಾನು ಅಪ್ಪನಿಗೆ ಮುಟ್ಟಿಸಬೇಕು. ನನಗೆ ನಗು ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಅಪ್ಪ ಒಂದು ಸಲ ಇವರ ಜೊತೆ ಬಾಯಿ ಬಿಟ್ಟು ಮಾತಾಡಿದರೆ ಸಾಕು ಅಂತ ದೇವರಿಗೆ ಹರಕೆ ಹೊರುವುದೊಂದು ಬಾಕಿ.

ಆ ವರ್ಷ ಗೌರಿ ಹಬ್ಬಕ್ಕೆ ನಾವು ಹೋದಾಗ ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಳು. ಏನಾಯಿತು ಅಂದರೆ, ಒತ್ತು ಶಾವಿಗೆಯ ಒರಳು ಕೆಟ್ಟಿತ್ತು. ಮೂರು ಕಾಲಿನ ಸ್ಟ್ಯಾಂಡು, ನಡುವೆ ಹಿತ್ತಾಳೆ ಕೊಳವೆ, ಮೇಲೆ ತಿರುಗಿಸುವ ಹಿಡಿ. ಕೊಳವೆಯ ತಳದಲ್ಲಿ ತೂತುಗಳಿರುವ ಬಿಲ್ಲೆ. ಬೇಯಿಸಿದ ಅಕ್ಕಿ ಹಿಟ್ಟಿನ ಉಂಡೆ ಮೇಲಿಂದ ಹಾಕಿ ಹಿಡಿ ತಿರುಗಿಸಿದರೆ ಆ ತೂತುಗಳಿಂದ ಶಾವಿಗೆ ಇಳಿಯುತ್ತದೆ. ಅಜ್ಜಿಯ ಕಾಲದ ಆ ಬಿಲ್ಲೆ ಸವೆದು, ಮೂರು ತೂತು ಸೇರಿ ಒಂದಾಗಿತ್ತು. ಅಪ್ಪ ಅದನ್ನು ವೆಲ್ಡಿಂಗ್ ಅಂಗಡಿಗೆ ಒಯ್ದಿದ್ದ. ಬೆಂಕಿ ತಾಗಿದ್ದೇ ತಡ, ಸುತ್ತಲಿನ ಹಿತ್ತಾಳೆಯೂ ಕರಗಿ ತೂತು ಹೋಗಿ ಕಿಂಡಿಯಾಗಿ ಬಂತು. ಪೇಟೆಯಲ್ಲಿ ಸಿಗುವ ಬಿಲ್ಲೆಗಳು ಆ ಕೊಳವೆಗೆ ಕೂರುತ್ತಿರಲಿಲ್ಲ. ಹೊಸ ಅಳಿಯನ ಮೊದಲ ದೀಪಾವಳಿಗೆ ಒತ್ತು ಶಾವಿಗೆ, ಕಾಯಿಹಾಲು ಬಡಿಸದಿದ್ದರೆ ಊರಲ್ಲಿ ತಲೆ ಎತ್ತುವುದು ಹೇಗೆ ಅನ್ನುವುದು ಅಮ್ಮನ ಅಳಲು.

ಇವರು ಬಿಲ್ಲೆಯನ್ನು ಪೇಪರಿನ ಮೇಲಿಟ್ಟು ಅಂಚಿಗೆ ಪೆನ್ಸಿಲ್ ಎಳೆದುಕೊಂಡರು. ನಾನು ಮಾಡಿ ತರ್ತೀನಿ ಅಂದರು. ಗ್ಯಾಸ್ ಬೆಂಕಿಯ ಥರ ಅಲ್ಲ, ಲೇಸರಿನ ಬಿಸಿ ತಾಗುವುದು ಕೂದಲೆಳೆಯಷ್ಟು ಜಾಗಕ್ಕೆ, ಪಕ್ಕದ ತೂತಿಗೆ ಗೊತ್ತೂ ಆಗುವುದಿಲ್ಲ ಅಂತ ನನಗೆ ವಿವರಿಸಿದರು. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಮಿಷನ್ನೇ ಕುಯ್ಯುತ್ತದೆ, ಜೊತೆಗೆ ನೈಟ್ರೋಜನ್ ಗ್ಯಾಸ್ ಊದಿದರೆ ಅಂಚು ಕಪ್ಪಾಗುವುದೂ ಇಲ್ಲವಂತೆ. ಅಪ್ಪ ಜಗಲಿಯಲ್ಲಿ ಕೂತು ಕೇಳಿಸಿಕೊಂಡ. ಕೇಳಿಸಲಿಲ್ಲ ಅನ್ನುವಂತೆ ಕೆಮ್ಮಿದ.

ದೀಪಾವಳಿಗೆ ಬಿಲ್ಲೆ ಬಂತು. ಕನ್ನಡಿಯ ಹಾಗೆ ಹೊಳೆಯುವ ಸ್ಟೀಲು, ಅದರ ತುಂಬ ಸಾಲು ಹಿಡಿದ ತೂತು. ಒಂದು ಸಾಲೂ ಓರೆಯಿಲ್ಲ. ಕೊಳವೆಯ ತಳಕ್ಕೆ ಟಕ್ ಅಂತ ಕೂತಿತು. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. ಅಪ್ಪ ಬಿಸಿಲಿಗೆ ಹಿಡಿದು ನೋಡಿ, ನನಗೆ ಹೇಳಿದ: "ಸೊಳ್ಳೆ ಪರ್ದೆ ಮಾಡ್ಕಂಡ್ ಬಂದವ್ನೆ ಕಣೇ ನಿನ್ನ ಗಂಡ."

ಅಪ್ಪ ಹೇಳಿದ್ದು ನಿಜವೇ ಆಗಿತ್ತು. ಅಮ್ಮನ ಶಾವಿಗೆ ನೂಲಿನ ಹಾಗೆ ಇರುತ್ತೆ ಅಂತ ನಾನೇ ಹೊಗಳಿದ್ದೆ. ಇವರು ನೂಲಿಗಿಂತ ಸಣ್ಣ ಮಾಡಿಕೊಡೋಣ ಅಂತ ಹೊರಟಿದ್ದರು. ಮಿಷನ್ನಿಗೆ ಏನು, ಹೇಳಿದಷ್ಟು ಸಣ್ಣ ಕುಯ್ದು ಕೊಟ್ಟಿತ್ತು. ಅಡುಗೆ ಗೊತ್ತಿರುವ ಒಬ್ಬರನ್ನಾದರೂ ಕೇಳಬೇಡವೇ ಮಾರಾಯ್ರೇ.

ಅಮ್ಮ ಬಿಸಿ ಉಂಡೆ ಹಾಕಿದಳು. ಅಪ್ಪ ಹಿಡಿ ತಿರುಗಿಸಿದ. ಅರ್ಧ ಸುತ್ತಿಗೇ ನಿಂತಿತು. ಪಂಚೆ ಎತ್ತಿ ಕಟ್ಟಿ ಮತ್ತೆ ಹಿಡಿದ. ಹಣೆಯ ನರ ಉಬ್ಬಿತು, ಸ್ಟ್ಯಾಂಡೇ ಗಿರ್ರನೆ ತಿರುಗಿತು, ಶಾವಿಗೆ ಮಾತ್ರ ಇಳಿಯಲಿಲ್ಲ. ಉಂಡೆ ಆರಿದರೆ ಕಲ್ಲಾಗುತ್ತದೆ. ನಡುಮನೆಯ ಕುರ್ಚಿಯಲ್ಲಿ ಕೂತಿದ್ದ ಇವರು ಎದ್ದರು. ಹಬ್ಬದ ದಿನ ಹೊಸ ಅಳಿಯ ಅಡುಗೆಮನೆಯ ಸಾಮಾನಿಗೆ ಕೈ ಹಚ್ಚುವುದು ನಮ್ಮಲ್ಲಿಲ್ಲ. ಅಮ್ಮ ಬಾಗಿಲಿಗೆ ಅಡ್ಡ ನಿಂತು ಬೇಡ, ಕೂತ್ಕಳಿ, ಜನ ಏನಂದಾರು ಅಂತ ಗೋಗರೆದಳು. ಇವರು ಅವಳನ್ನು ದಾಟಿ ಬಂದು, ಹೊಸ ಪ್ಯಾಂಟಿನಲ್ಲೇ ನೆಲಕ್ಕೆ ಕೂತು, ಒಂದು ಕಾಲಲ್ಲಿ ಸ್ಟ್ಯಾಂಡ್ ಒತ್ತಿ ಹಿಡಿದು ಹಿಡಿಯ ಇನ್ನೊಂದು ಕೊನೆಗೆ ಕೈ ಹಾಕಿದರು.

ಅಪ್ಪ ಒಂದು ಗಳಿಗೆ ನನ್ನ ಕಡೆ ನೋಡಿದ. ನಾನು ಬೇಕಂತಲೇ ಒಲೆ ಕಡೆ ತಿರುಗಿಕೊಂಡೆ.

"ನಾನ್ ಎಳೀತೀನಿ, ನೀನ್ ತಳ್ಳು ಕಣೋ," ಅಂದ ಅಪ್ಪ. "ಕಾಲು ಸಡ್ಲ ಬುಡ್ಬ್ಯಾಡ."

"ನೀವ್ ಉಸ್ರು ಹಿಡೀಬ್ಯಾಡಿ ಮಾವ, ನಿಧಾನಕ್ಕೆ."

"ಸಣ್ಣ ತೂತ ಮಾಡಿ ತಂದು ಈಗ ನಂಗೆ ಉಸ್ರಾಟ ಹೇಳ್ಕೊಡ್ತೀಯಾ."

ಇಬ್ಬರೂ ಬೆವತು ನೀರಾದರು. ಕೊನೆಗೂ ಶಾವಿಗೆ ಇಳಿಯಿತು, ಮಗುವಿನ ಕೂದಲಿನ ಹಾಗೆ. ನೋಡಲು ಎಷ್ಟು ಚೆಂದವೋ, ಕಾಯಿಹಾಲು ಬಿದ್ದ ಕೂಡಲೇ ಅಷ್ಟೂ ಕರಗಿ ಅಂಬಲಿ. ಅಪ್ಪ ಲೋಟದಲ್ಲಿ ಎತ್ತಿ ಕುಡಿದು, "ತೂತು ಚೆನ್ನಾಗೈತೆ. ಶಾವಿಗೆ ಚೆನ್ನಾಗಿಲ್ಲ" ಅಂದ. ಅದನ್ನು ಇವರ ಮುಖ ನೋಡಿಯೇ ಅಂದ. ಇವರು ನಕ್ಕುಬಿಟ್ಟರು, ಅಪ್ಪನೂ ನಕ್ಕ. ಅಮ್ಮ ಒಲೆಯ ಮುಂದೆ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು.

ಹಬ್ಬ ಮುಗಿಸಿ ನಾವು ಹೊರಟಾಗ ಅಪ್ಪ ಹಳೇ ಹಿತ್ತಾಳೆ ಬಿಲ್ಲೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಜೊತೆಗೇ ಬಸ್ಸು ಹತ್ತಿದ. ಶೆಡ್ಡಿನಲ್ಲಿ ಅಪ್ಪನನ್ನು ಮಿಷನ್ನಿನ ಗಾಜಿನ ಈಚೆ ನಿಲ್ಲಿಸಿದರಂತೆ. ಹಳೇ ಬಿಲ್ಲೆಯಲ್ಲಿ ಸವೆಯದೆ ಉಳಿದಿದ್ದ ಒಂದು ತೂತು ತೋರಿಸಿ, ಇಷ್ಟೇ ಇರಬೇಕು, ಚೂರೂ ಕಡಿಮೆ ಬೇಡ ಅಂತ ಕಂಪ್ಯೂಟರಿನ ಪಕ್ಕದಲ್ಲೇ ನಿಂತು ಬರೆಸಿದನಂತೆ. ಕಿಡಿ ಹಾರಿ ಸ್ಟೀಲು ತೂತಾಗುವುದನ್ನು ನೋಡುತ್ತಾ ಕೈಯಲ್ಲಿದ್ದ ಕಾಫಿ ತಣ್ಣಗಾಗಿದ್ದೂ ಗೊತ್ತಾಗಲಿಲ್ಲವಂತೆ.

ಆ ಬಿಲ್ಲೆಯಲ್ಲಿ ಅಮ್ಮನ ಶಾವಿಗೆ ಮೊದಲಿನ ಹಾಗೇ ಇಳಿಯಿತು. ಆಮೇಲೆ ಶುರುವಾಯಿತು ನೋಡಿ. ಹಾನುಬಾಳಿನ ಅಂಗಡಿಯಲ್ಲಿ, ಹೊಂಗಡಹಳ್ಳದ ಮದುವೆಮನೆಯಲ್ಲಿ, ಎಲ್ಲೇ ಹಳೇ ಒರಳು ಕಂಡರೂ ಅಪ್ಪ ಪೇಪರು ಪೆನ್ಸಿಲು ಕೇಳಿ ಅಂಚು ಎಳೆದುಕೊಳ್ಳುತ್ತಿದ್ದ. ನಮ್ಮ ಹುಡುಗ ಮಾಡಿಕೊಡ್ತಾನೆ ಅಂತ ಮಾತು ಕೊಟ್ಟು, ಕಾಗದದ ಕಟ್ಟು ಹಿಡಿದು ಹಾಸನಕ್ಕೆ ಬರುತ್ತಿದ್ದ. ನನ್ನನ್ನು ದಾಟಿಕೊಂಡು ನೇರ ಇವರ ಹತ್ತಿರ ಹೋಗುತ್ತಿದ್ದ.

"ನಿಮ್ಮಪ್ಪ ನನ್ನ ಒಂದ್ ಮಾತು ಕೇಳ್ದೆ ಅರ್ಧ ತಾಲ್ಲೂಕಿಗೆ ಒಪ್ಕಂಡ್ಬುಟ್ಟವ್ರೆ," ಅಂತ ಇವರು ನನ್ನ ಹತ್ತಿರ ಗೊಣಗಿದರು.

ಅದು ನಿಮ್ಮಿಬ್ಬರ ವ್ಯವಹಾರ, ನನ್ನನ್ನು ಮಧ್ಯೆ ಎಳೆಯಬೇಡಿ ಅಂದೆ.