ತೂಗುಸೇತುವೆಯನ್ನು ಹಿಡಿದಿದ್ದ ಮಣ್ಣು

ಕಡಬ ಪ್ರತ್ಯೇಕ ತಾಲೂಕಾಗಿ ನಾಲ್ಕೈದು ವರ್ಷಗಳಾಗಿದ್ದ ಕಾಲ. ನಾನು ಪುತ್ತೂರಿನಲ್ಲಿ ಸರ್ಕಾರಿ ಇಂಜಿನಿಯರ್ ಆಗಿದ್ದೆ, ನಿವೃತ್ತಿಗೆ ಒಂದೇ ವರ್ಷ ಬಾಕಿ. ಸುಳ್ಯ, ಕಡಬ ಕಡೆಯ ಹೊಳೆಗಳಿಗೆ ಕಾಲುಸಂಕ, ತೂಗುಸೇತುವೆ ವಿನ್ಯಾಸ ಮಾಡಿ ಕಟ್ಟಿಸುವುದು ನನ್ನ ಕೆಲಸ. ನಾನು ಕಟ್ಟಿಸಿದ ಒಂದೂ ಸಂಕ ಅದುವರೆಗೆ ಅಲ್ಲಾಡಿರಲಿಲ್ಲ. ಆ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಜಂಭವಿತ್ತು.

ಅವುಗಳಲ್ಲಿ ಒಂದು ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯ ಪಕ್ಕದ ಹೊಳೆಗೆ ಕಟ್ಟಿದ ತೂಗುಸೇತುವೆ. ಉದ್ದ ಅರವತ್ತು ಮೀಟರ್, ಅಗಲ ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್. ಅದಕ್ಕಾಗಿ ಹತ್ತು ವರ್ಷ ಕಚೇರಿ ಕಚೇರಿ ಅಲೆದವರು ಆಚೆ ದಡದ ಜತ್ತಪ್ಪ ಗೌಡರು. ಕೆಲಸ ನಡೆಯುವಾಗ ದಿನಕ್ಕೆ ಮೂರು ಸಲ ಬಂದು ಬೋಲ್ಟು ಮುಟ್ಟಿ ನೋಡುತ್ತಿದ್ದರು. ಹಾಗಾಗಿ ಮೇ ತಿಂಗಳಲ್ಲಿ ಅವರ ಮಗಳು ಹೇಮಾವತಿಯ ಮದುವೆಗೆ ಕರೆ ಬಂದಾಗ ನಾನು ರಜೆ ಹಾಕಿ ಹೊರಟೆ.

ಎಂಟು ಗಂಟೆಗೆ ಕಾರನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿ ಸೇತುವೆ ದಾಟಿದೆ. ಕೆಳಗೆ ಮೊಣಕಾಲುದ್ದದ ನೀರು, ನೀರಿಗಿಂತ ಹೆಚ್ಚು ಬಂಡೆ. ಆಚೆ ಕಾಲಿಟ್ಟಾಗ ಜಾಗದ ಗುರುತೇ ಸಿಗಲಿಲ್ಲ. ಮೊದಲು ಅಲ್ಲಿ ಆಳೆತ್ತರದ ಮಣ್ಣಿನ ದಿಬ್ಬವಿತ್ತು, ಅದರ ಮೇಲೆ ಮೆಟ್ಟಿಲು ಹತ್ತಿ ಮನೆಗೆ ಹೋಗಬೇಕಿತ್ತು. ಈಗ ಸಪಾಟಾದ ಅಂಗಳ, ಶಾಮಿಯಾನ, ಸಾಲು ಕುರ್ಚಿ. ಅಂಗಳದ ಕೊನೆಯಲ್ಲಿ, ಕಡಿದ ಮಣ್ಣಿನ ಗೋಡೆಯಿಂದ ಒಂದು ದೊಡ್ಡ ಕಾಂಕ್ರೀಟು ಗಡ್ಡೆ ಹೊರಗೆ ಮುಖ ಮಾಡಿ ನಿಂತಿತ್ತು. ಅದರ ಮೇಲೆ ಬಿಳಿ ಬಟ್ಟೆ ಹಾಸಿ, ಬರುವವರಿಗೆಂದು ಬೆಲ್ಲ ನೀರಿನ ಚೆಂಬು ಜೋಡಿಸಿದ್ದರು.

ಅದು ಸೇತುವೆಯ ಆಂಕರ್ ಬ್ಲಾಕ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೂಗುಸೇತುವೆಯಲ್ಲಿ ನಡೆಯುವವರ ಭಾರ ಕಾಲಡಿಯ ಹಲಗೆಯಿಂದ ಸರಳುಗಳಿಗೆ, ಸರಳುಗಳಿಂದ ಮೇಲಿನ ಎರಡು ದಪ್ಪ ಕೇಬಲ್‌ಗಳಿಗೆ ಹೋಗುತ್ತದೆ. ಕೇಬಲ್ ದಡದ ಕಂಬದ ತಲೆಯ ಮೇಲೆ ಹಾದು ಹಿಂದಕ್ಕೆ ಇಳಿದು ಆಂಕರ್ ಬ್ಲಾಕಿನಲ್ಲಿ ಕೊನೆಗೊಳ್ಳುತ್ತದೆ. ಕಂಬ ಭಾರ ಹೊರುತ್ತದೆ, ಎಳೆತವನ್ನು ತಡೆಯುವುದು ಬ್ಲಾಕು. ಆ ಎಳೆತ ಸಣ್ಣದಲ್ಲ. ನಮ್ಮ ಸೇತುವೆಯಲ್ಲಿ ಕೇಬಲ್ ಇಳಿಬಿದ್ದದ್ದು ಆರು ಮೀಟರ್. ಆ ಲೆಕ್ಕದಲ್ಲಿ ಹತ್ತು ಟನ್ ಭಾರ ಬಿದ್ದರೆ ಬ್ಲಾಕನ್ನು ಹೊಳೆಯ ಕಡೆಗೆ ಎಳೆಯುವ ಬಲ ಹನ್ನೆರಡೂವರೆ ಟನ್. ಬ್ಲಾಕು ತನ್ನ ತೂಕದಿಂದ ಮಾತ್ರ ಅಷ್ಟನ್ನು ತಡೆಯಲಾರದು. ಅದು ಜಾರದಂತೆ ಎದುರಿನಿಂದ ಒತ್ತಿ ಹಿಡಿಯುವುದು ಅದರ ಮುಂದಿನ ಮಣ್ಣು. ಜತ್ತಪ್ಪ ಗೌಡರು ಹೊಳೆಯಲ್ಲೇ ಜೆಸಿಬಿ ಇಳಿಸಿ ತಂದು ತೆಗೆಸಿದ್ದು ಅದೇ ಮಣ್ಣನ್ನು.

ಬ್ಲಾಕಿನ ಹಿಂದೆ ಹೋಗಿ ಬಗ್ಗಿದೆ. ಕಾಂಕ್ರೀಟಿಗೂ ಮಣ್ಣಿಗೂ ನಡುವೆ ಹೊಸ ಬಿರುಕು, ಎರಡು ಬೆರಳು ಹೋಗುವಷ್ಟು. ನಾನೇ ಆಗಷ್ಟೆ ಆ ಸೇತುವೆಯ ಮೇಲಿಂದ ನಡೆದು ಬಂದಿದ್ದೆ.

"ಹೇಗುಂಟು ಮೇಡಂ ಅಂಗಳ?" ಗೌಡರು ಮುಖವರಳಿಸಿ ಬಂದರು. "ದಿಬ್ಬಣ ಇಳಿಯುವಲ್ಲಿ ಆ ಗುಡ್ಡೆ ಅಡ್ಡ ಆಗ್ತಿತ್ತು. ಮದುಮಗ ಹತ್ತಿ ಇಳಿದು ಬರುದು ಚಂದ ಅಲ್ಲ ಅಲ್ವಾ?"

"ಗೌಡ್ರೆ, ದಿಬ್ಬಣದಲ್ಲಿ ಎಷ್ಟು ಜನ?"

"ನೂರೈವತ್ತಕ್ಕೆ ಕಮ್ಮಿ ಇಲ್ಲ."

ನೂರೈವತ್ತು ಜನ ಎಂದರೆ ಒಂಬತ್ತು ಟನ್. ದಿಬ್ಬಣ ಬಿಡಿ ಬಿಡಿಯಾಗಿ ಬರುವುದಿಲ್ಲ. ವಾಲಗದ ಹಿಂದೆ, ಕೊಡೆಯಡಿಯ ಮದುಮಗನನ್ನು ಸುತ್ತುವರಿದು ಒಟ್ಟಾಗಿ ಬರುತ್ತದೆ. ಆಚೆ ರಸ್ತೆಯಲ್ಲಿ ಬಸ್ಸುಗಳು ನಿಂತ ಸದ್ದೂ, ವಾಲಗ ಶುರುವಾದದ್ದೂ ಕೇಳಿಸಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿ ಸೇತುವೆಯ ಬಾಯಿಗೆ ಅಡ್ಡ ನಿಂತೆ. ಶಾಮಿಯಾನದ ಹಗ್ಗ ಬಿಚ್ಚಿ ಎರಡು ಕಂಬಗಳ ನಡುವೆ ಕಟ್ಟಿದೆ. ಆಚೆ ದಡಕ್ಕೆ ಕೈಬೀಸಿ, ಯಾರೂ ಕಾಲಿಡಬಾರದೆಂದು ಗಂಟಲು ಹರಿಯುವಷ್ಟು ಕೂಗಿದೆ. ಮದುವೆ ಮನೆಯ ಹೆಂಗಸರು ನನಗೆ ತಲೆ ಕೆಟ್ಟಿತೆಂದೇ ತಿಳಿದರು.

ವಿಷಯ ಹೇಳಿದಾಗ ಗೌಡರ ಮುಖ ಕಪ್ಪಿಟ್ಟಿತು. ಕಾಡುದಾರಿಯಲ್ಲಿ ಸುತ್ತಿ ಬಂದರೆ ಮುಹೂರ್ತ ತಪ್ಪುತ್ತಿತ್ತು. ಉಳಿದದ್ದು ಹೊಳೆ.

"ದಿಬ್ಬಣವನ್ನು ನೀರಿಗೆ ಇಳಿಸುದಾ? ನನ್ನ ಮರ್ಯಾದೆ ಎಂತ ಆಗ್ಬೇಕು?" ಎಂದರು ಗೌಡರು. "ಐದೈದು ಜನ ಬರ್ಲಿ ಮೇಡಂ, ನಿಧಾನಕ್ಕೆ."

ಐದು ಜನ ಎಂದರೆ ಮುನ್ನೂರು ಕಿಲೋ. ಬಹುಶಃ ತಡೆಯುತ್ತಿತ್ತು. ಆದರೆ ಬಹುಶಃ ಎಂಬ ಮಾತಿನ ಮೇಲೆ ಮದುಮಗನನ್ನು ನಡೆಸಲು ನನ್ನಿಂದಾಗಲಿಲ್ಲ. "ಒಬ್ರೂ ಬರುದು ಬೇಡ" ಎಂದೆ. ಅವರು ನನ್ನ ಕಡೆ ನೋಡುವುದನ್ನೇ ಬಿಟ್ಟರು.

ಬಿಕ್ಕಟ್ಟು ಬಿಡಿಸಿದವರು ಮದುಮಗನ ಸೋದರಮಾವ. ಬೆಳ್ಳಾರೆ ಕಡೆಯ ಹಿರಿಯರು. ಪಂಚೆ ಎತ್ತಿ ಕಟ್ಟಿ ಒಬ್ಬರೇ ಹೊಳೆ ದಾಟಿ ಬಂದರು, ಬ್ಲಾಕಿನ ಹಿಂದಿನ ಬಿರುಕಿಗೆ ಕೈ ಹಾಕಿ ನೋಡಿದರು.

"ನಾವೆಂತ ಹೊಳೆ ಕಾಣದವರಾ ಮಾರಾಯ್ರೆ?" ಎಂದರು ಗೌಡರಿಗೆ. "ಮಕ್ಕಳು ಮರಿ ಉಂಟು ದಿಬ್ಬಣದಲ್ಲಿ. ಇಳಿದೇ ಬರ್ತೇವೆ, ಬೇಜಾರು ಮಾಡ್ಬೇಡಿ."

ವಾಲಗದವರು ವಾದ್ಯಗಳನ್ನು ತಲೆಯ ಮೇಲಿಟ್ಟು ಇಳಿದರು. ಹೆಂಗಸರು ರೇಷ್ಮೆ ಸೀರೆ ಎತ್ತಿ ಹಿಡಿದು, ಒಬ್ಬರನ್ನೊಬ್ಬರು ರೇಗಿಸುತ್ತ ದಾಟಿದರು. ಮದುಮಗ ಕೊಡೆಯಡಿಯಲ್ಲೇ ಬಂದ, ಚಪ್ಪಲಿ ಕೈಯಲ್ಲಿತ್ತು. ನಗದಿದ್ದವರು ಇಬ್ಬರೇ, ನಾನು ಮತ್ತು ಜತ್ತಪ್ಪ ಗೌಡರು. ಧಾರೆ ಮುಹೂರ್ತಕ್ಕೆ ಸರಿಯಾಗಿ ಆಯಿತು.

ಊಟದ ಎರಡನೇ ಪಂಕ್ತಿಗೆ ಬಡಿಸುವಾಗ ಗುಡುಗು ಸಹಿತ ಮಳೆ ಬಂತು. ಮುಕ್ಕಾಲು ಗಂಟೆ ಹುಯ್ದಿರಬಹುದು. ನಾನು ಎಲೆಯ ಮುಂದೆ ಕೂತಿದ್ದರೂ ಕಣ್ಣು ಹೊಳೆಯ ಕಡೆಗೇ ಇತ್ತು. ನೀರು ಕುಡಿದ ಮಣ್ಣು ಬ್ಲಾಕಿನ ಅಡಿಯ ಹಿಡಿತವನ್ನೂ ಬಿಟ್ಟಿತು, ಸೇತುವೆಯ ಸ್ವಂತ ತೂಕದ ಎಳೆತವೇ ಸಾಕಾಯಿತು. ಒಂದು ಸದ್ದು, ನೆಲದೊಳಗಿಂದ ಬಂದಂತೆ. ಬೆಲ್ಲ ನೀರಿನ ಚೆಂಬುಗಳು ಉರುಳಿದವು. ಬ್ಲಾಕು ಮೂರಡಿ ಮುಂದಕ್ಕೆ ಜಾರಿತು, ಒಂದು ಕೇಬಲ್ ಕಂಬದ ತಲೆಯಿಂದ ಕಳಚಿತು, ಅರವತ್ತು ಮೀಟರ್ ಸೇತುವೆ ಮಗ್ಗುಲು ತಿರುಗಿ ಬಂಡೆಗಳ ಮೇಲೆ ಬಿತ್ತು. ಅದರ ಮೇಲೆ ಒಬ್ಬರೂ ಇರಲಿಲ್ಲ.

ಪಂಕ್ತಿಯಲ್ಲಿ ಯಾರೂ ಎಲೆಗೆ ಕೈ ಹಾಕಲಿಲ್ಲ. ಲೆಕ್ಕದಲ್ಲಿ ಗೊತ್ತಿದ್ದದ್ದನ್ನು ಕಣ್ಣಾರೆ ನೋಡುವುದು ಬೇರೆಯೇ ಎಂದು ಆವತ್ತು ತಿಳಿಯಿತು. ಈಗಲೂ ಗುಡುಗು ಕೇಳಿದರೆ ಮೊದಲು ನೆನಪಾಗುವುದು ಆ ಸದ್ದು.

ಸಂಜೆ ಹೆಣ್ಣು ಗಂಡನ್ನು ಕಾಡುದಾರಿಯಲ್ಲಿ ಜೀಪು ಹತ್ತಿಸಿ ಕಳಿಸಿದ ಮೇಲೆ ಗೌಡರು ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂತರು. ಬೈಯುತ್ತಾರೆಂದೋ, ಕೈಮುಗಿಯುತ್ತಾರೆಂದೋ ಕಾದೆ. ಎರಡೂ ಆಗಲಿಲ್ಲ.

"ಉದ್ಘಾಟನೆ ದಿವಸ ನೀವು ಮೈಕದಲ್ಲಿ ಕಂಬದ ವಿಷಯ ಹೇಳಿದ್ರಿ, ಕೇಬಲಿಂದು ಹೇಳಿದ್ರಿ" ಎಂದರು ಮೆಲ್ಲಗೆ. "ಮಣ್ಣಿಂದು ಹೇಳಿದ್ದು ನನಗೆ ನೆನಪಿಲ್ಲ ಮೇಡಂ."

ನೆನಪಿರಲು ನಾನು ಹೇಳಿಯೇ ಇರಲಿಲ್ಲ. ಅದು ನಕ್ಷೆಯಲ್ಲಿತ್ತು, ಇಂಗ್ಲಿಷಿನಲ್ಲಿ, ಪುತ್ತೂರಿನ ನನ್ನ ಕಪಾಟಿನೊಳಗೆ. ಸೇತುವೆಯ ಅರ್ಧ ಬಲ ನೆಲದೊಳಗಿರುತ್ತದೆ, ಅದನ್ನು ಕಾಯುವವರು ಅಲ್ಲಿ ಬದುಕುವ ಜನ. ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವವರೆಗೆ ವಿನ್ಯಾಸ ಮುಗಿಯುವುದಿಲ್ಲ ಎಂಬುದು ಮೂವತ್ತು ಚಿಲ್ಲರೆ ವರ್ಷದ ಕೆಲಸ ನನಗೆ ಕೊನೆಯಲ್ಲಿ ಕಲಿಸಿದ ಪಾಠ. ಉದ್ಘಾಟನೆಯ ದಿನ ಆ ದಿಬ್ಬ ತೋರಿಸಿ ಒಂದು ಮಾತು ಹೇಳಿದ್ದರೆ ಸಾಕಿತ್ತು, ಜತ್ತಪ್ಪ ಗೌಡರು ಮರುದಿನವೇ ಅದಕ್ಕೆ ಬೇಲಿ ಹಾಕಿಸುತ್ತಿದ್ದರು.